ಗಾಡ್ಜಿಲ್ಲಾ ತರದ ಪಿಚ್ಚರಿಗೆ ಮನೆಯಲ್ಲೇ ಸೆಟಪ್ ಮಾಡುದಾ, ಮಂಗಳೂರಿಗೆ ಹೋಗುದಾ?

ಮುಳ್ಳೇರಿಯಾ_ಮಳೆ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯವರು ಇದ್ರೆ ನಿಮಗೇ ಸರಿ ಅರ್ಥ ಆಗ್ತದೆ ಅಂತ ಇಲ್ಲಿ ಕೇಳ್ತಾ ಇದ್ದೇನೆ. ನನಗೆ ಸಣ್ಣದಿರುವಾಗಿಂದ್ಲೂ ಈ ಗುಡ್ಡದಷ್ಟು ದೊಡ್ಡ ಪ್ರಾಣಿ ಬಂದು ಸಿಟಿ ಪುಡಿ ಮಾಡುವ ಪಿಚ್ಚರ್ ಅಂದ್ರೆ ಮರ್ಲು. ಗಾಡ್ಜಿಲ್ಲಾ, ಕಿಂಗ್ ಕಾಂಗ್, ಪೆಸಿಫಿಕ್ ರಿಮ್, ಕೊರಿಯಾದವರ ಆ ಹೊಳೆಯಿಂದ ಎದ್ದು ಬರುವ ಜಂತುವಿಂದು, ಎಂತದಾದ್ರೂ ಆಗ್ತದೆ. ಕಥೆ ಇಲ್ಲದಿದ್ರೂ ಆಗ್ತದೆ.

ವಿಷಯ ಎಂತ ಅಂದ್ರೆ ನಮ್ಮಲ್ಲಿಂದ ಮಂಗಳೂರಿಗೆ ಹೋಗ್ಲಿಕ್ಕೇ ಎರಡು ಗಂಟೆ ಬೇಕು, ಬಸ್ಸು ಬದಲಾಯಿಸ್ಬೇಕು, ಸಂಜೆ ಶೋಗೆ ಹೋದ್ರೆ ವಾಪಸ್ ಬರ್ಲಿಕ್ಕೆ ಬಸ್ಸಿಲ್ಲ, ಕಾಸರಗೋಡು ಪೇಟೆಯಲ್ಲಿ ಹಾಕಿದ್ರೆ ಪುಣ್ಯ, ಆದ್ರೆ ಅಲ್ಲಿ ಮಲಯಾಳಂ ದೊಡ್ಡ ಪಿಚ್ಚರ್ ಇದ್ದ ವಾರ ಇಂಗ್ಲಿಷಿನದ್ದಕ್ಕೆ ಸಿಗುದು ಯಾರಿಗೂ ಆಗದ ಟೈಮಿನ ಒಂದು ಶೋ ಅಷ್ಟೆ. ಹಾಗಾಗಿ ಕಳೆದ ಸಲದ ಗಾಡ್ಜಿಲ್ಲಾ ಕಾಂಗ್ ಪಿಚ್ಚರ್ ಮನೆಯಲ್ಲೇ ನೋಡಿದೆ, 43 ಇಂಚು ಟಿವಿ, ಚಾವಡಿಯ ಸೋಫಾದಿಂದ ಮೂರು ಮೀಟರ್ ದೂರ. ಎಂತ ಸಹ ಅನ್ನಿಸ್ಲಿಲ್ಲ. ಪಿರಮಿಡ್ ಪುಡಿ ಆಗ್ತಾ ಉಂಟು, ನಾನು ಮೊಬೈಲ್ ನೋಡ್ತಾ ಇದ್ದೇನೆ. ಬೇಜಾರಾಯ್ತು.

ಈಗ ಐಡಿಯಾ ಎಂತ ಅಂದ್ರೆ, ತಾರಸಿ ಮೇಲೆ ಶೀಟು ಹಾಕಿದ ಜಾಗ ಉಂಟು, ಅರ್ಧದಲ್ಲಿ ಅಡಿಕೆ ಒಣಗಿಸ್ತೇವೆ, ಉಳಿದರ್ಧದಲ್ಲಿ ಒಂದು ಗೋಡೆ ಖಾಲಿ. ಅಲ್ಲಿಗೆ ಒಂದು ಪ್ರೊಜೆಕ್ಟರ್, ಒಂದು ಸಬ್‌ವೂಫರ್ ಇರುವ ಸೌಂಡ್‌ಬಾರ್, ಒಟ್ಟು 40 ಸಾವಿರದ ಒಳಗೆ. ಆ ದುಡ್ಡಿಗೆ ಎಷ್ಟು ಸಲ ಮಂಗಳೂರಿಗೆ ಹೋಗಿ ಊಟ ಮಾಡಿ ಬರ್ಬಹುದು ಅಂತ ಹೆಂಡತಿ ಲೆಕ್ಕ ಹಾಕಿ ಕೂತಿದ್ದಾಳೆ. ನಿಜಕ್ಕೂ ಥಿಯೇಟರಿನಲ್ಲಿ ಇರುವ ಆ "ದೊಡ್ಡದು" ಅನ್ನುವ ಫೀಲಿಂಗ್ ಮನೆಗೆ ತರ್ಲಿಕ್ಕೆ ಆಗ್ತದಾ? ಅಥವಾ ಅದೆಲ್ಲ ನಮ್ಮ ಮಂಡೆಯಲ್ಲಿ ಇರುದಾ?

ಶೋಟೈಮ್_ಮಂಜೇಶ್ವರ:

ಥಿಯೇಟರ್. ಮಾತೇ ಇಲ್ಲ. ನಾನು ಗಾಡ್ಜಿಲ್ಲಾ ವರ್ಸಸ್ ಕಾಂಗ್ ನೋಡಿದ್ದು 2021 ಮಾರ್ಚಲ್ಲಿ, ನೆನಪುಂಟಲ್ಲ, ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಬರ್ಬೇಕಾದ್ರೆ ಆರ್‌ಟಿಪಿಸಿಆರ್ ರಿಪೋರ್ಟ್ ಕೇಳ್ತಿದ್ದ ಕಾಲ. ಮೂಗಿಗೆ ಕಡ್ಡಿ ಹಾಕಿಸ್ಕೊಂಡು, ನೆಗೆಟಿವ್ ಕಾಗದ ಜೇಬಲ್ಲಿಟ್ಟು ಪಿಚ್ಚರಿಗೆ ಹೋದವ ನಾನು. ಮನೆಯವರು ಉಗಿದ ಉಗಿ ಈಗಲೂ ಕೇಳ್ತದೆ. ಅಮೆರಿಕಾದಲ್ಲಿ ಅದು ಬಂದದ್ದು ಮಾರ್ಚ್ 31ಕ್ಕೆ, ಅದೇ ದಿನ ಮನೆಯ ಟಿವಿಗೂ ಬಿಟ್ರು. ನಮ್ಮಲ್ಲಿ 24ಕ್ಕೇ ಥಿಯೇಟರಿಗೆ ಬಂತು. ಒಂದು ವಾರ ಮೊದಲು ಮಾರಾಯ್ರೆ!

ಹಾಂಕಾಂಗ್ ಫೈಟ್, ಆ ನೀಲಿ ಗುಲಾಬಿ ಲೈಟಿನ ಬಿಲ್ಡಿಂಗುಗಳ ಮಧ್ಯೆ ಕಾಂಗ್ ಕೊಡಲಿ ಬೀಸಿದಾಗ ಮಾಸ್ಕ್ ಒಳಗಿಂದ ಇಡೀ ಹಾಲ್ ಒಟ್ಟಿಗೆ ಬೊಬ್ಬೆ. ಮಾಸ್ಕ್ ಹಾಕಿ ಶಿಳ್ಳೆ ಹೊಡೆಯುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು. ತಾರಸಿಯಲ್ಲಿ ಅಡಿಕೆ ಪಕ್ಕ ಕೂತು ನೀವು ಯಾರೊಟ್ಟಿಗೆ ಬೊಬ್ಬೆ ಹಾಕ್ತೀರಿ?

ಉಪ್ಪಳದ_ಅಕ್ಕ:

ಈ ಬೊಬ್ಬೆಯೇ ಬೇಡ ಅಂತ ನಾನು ಮನೆಯಲ್ಲಿ ನೋಡುದು ತಮ್ಮ. ಥಿಯೇಟರ್ ಅಂದ್ರೆ ಎಲ್ಲರಿಗೂ ಹಳೇ ಚಂದದ ನೆನಪು ಮಾತ್ರ ಬರುದು. ನನಗೆ ನೆನಪಿರುದು ಮುಂದಿನ ಸೀಟಿನವ ಫೈಟ್ ಶುರುವಾದ ಕೂಡ್ಲೇ ಮೊಬೈಲ್ ಎತ್ತಿ ಸ್ಟೇಟಸ್‌ಗೆ ಹಾಕ್ಲಿಕ್ಕೆ ವಿಡಿಯೋ ಮಾಡಿದ್ದು, ಎಸಿಗೆ ಮಗು ನಡುಗಿದ್ದು, ಮತ್ತೆ ಇಂಟರ್‌ವೆಲ್. ಇಂಗ್ಲಿಷ್ ಪಿಚ್ಚರಿಗೆ ಇಂಟರ್‌ವೆಲ್ ಅಂತ ಅವರು ಮಾಡಿರುದೇ ಇಲ್ಲ, ನಮ್ಮವರು ಸಮೋಸ ಮಾರ್ಲಿಕ್ಕೆ ಅವರಿಗೆ ಬೇಕಾದಲ್ಲಿ ಕತ್ತರಿ ಹಾಕುದು. ನೀರೊಳಗಿಂದ ಆ ಬೆನ್ನಿನ ಮುಳ್ಳುಗಳು ಮೇಲೆ ಬರ್ತಾ ಉಂಟು, ಬರ್ತಾ ಉಂಟು, ಉಸಿರು ಹಿಡ್ಕೊಂಡು ಕೂತಿದ್ದೇವೆ, ಟಪ್ ಅಂತ ಲೈಟ್ ಹಾಕಿ ಪಾಪ್‌ಕಾರ್ನ್ ಜಾಹೀರಾತು. ಅದಕ್ಕಿಂತ ನಮ್ಮಲ್ಲಿ ಕರೆಂಟ್ ಹೋಗುದು ಎಷ್ಟೋ ವಾಸಿ.

ಇನ್ನೊಂದು. ಗಾಡ್ಜಿಲ್ಲಾ ಮೈನಸ್ ಒನ್ ನೋಡಿದ್ದೀರಾ? ನಾವು ಹೆಚ್ಚಿನವರು ನೋಡಿದ್ದು ನೆಟ್‌ಫ್ಲಿಕ್ಸಲ್ಲೇ, 2024 ಜೂನಲ್ಲಿ ಬಂತಲ್ಲ. ಯುದ್ಧದಲ್ಲಿ ಸಾಯ್ಲಿಕ್ಕೆ ಹೋಗಿ ಸಾಯದೆ ವಾಪಸ್ ಬಂದ ಪೈಲಟ್ ಒಬ್ಬ, ಯಾರದ್ದೋ ಮಗುವನ್ನು ಸಾಕ್ತಾ ಇರುವ ಹುಡುಗಿ, ಸುಟ್ಟು ಬೂದಿ ಆದ ಟೋಕಿಯೋ. ನಾನು, ಮಕ್ಕಳು, ನಮ್ಮ ಅತ್ತೆ ಎಲ್ಲ ಕೂತು ನೋಡಿದ್ದು. ಅತ್ತೆಗೆ ಇಂಗ್ಲಿಷ್ ಸಬ್‌ಟೈಟಲ್ ಓದ್ಲಿಕ್ಕೆ ಬರುದಿಲ್ಲ, ನಾನು ಮಧ್ಯೆ ಮಧ್ಯೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ, ಅವರು ಆ ಹುಡುಗನಿಗೆ "ಪಾಪ, ಅವನಿಗೆ ನಿದ್ದೆ ಬರುದಿಲ್ಲ ನೋಡು" ಅಂತ ಹೇಳಿ ಕಣ್ಣು ಒರೆಸ್ಕೊಂಡ್ರು. ಥಿಯೇಟರಲ್ಲಿ ಹೀಗೆ ನಿಲ್ಲಿಸಿ ಹೇಳ್ಲಿಕ್ಕೆ ಆಗ್ತದಾ? ಪಕ್ಕದವರು ಹೊಡೀತಾರೆ.

ಕಾಸರಗೋಡಲ್ಲಿ ಪ್ರತಿಯೊಂದಕ್ಕೂ ಭಾಷೆ ಜಗಳ ಇರುವಾಗ ಗಾಡ್ಜಿಲ್ಲಾ ಒಂದೇ ಕನ್ನಡವೂ ಮಾತಾಡುದಿಲ್ಲ ಮಲಯಾಳವೂ ಮಾತಾಡುದಿಲ್ಲ, ಎಲ್ಲರಿಗೂ ಸಮ 😄

ಶೋಟೈಮ್_ಮಂಜೇಶ್ವರ:

ಅಕ್ಕ ಮೈನಸ್ ಒನ್ ಒಪ್ಪಿದೆ. ಆದ್ರೆ ಅದರಲ್ಲೂ ಸಣ್ಣ ದೋಣಿಯ ಹಿಂದೆ ಅದು ಈಜಿಕೊಂಡು ಬರುವ ಸೀನ್ ದೊಡ್ಡ ಪರದೆಯಲ್ಲಿ ನೋಡಿದ್ರೆ ಹೇಗಿರ್ತಿತ್ತು ಅಂತ ನೆನೆಸಿ ಹೊಟ್ಟೆ ಉರೀತದೆ. ಆಸ್ಕರ್ ಸಿಕ್ಕಿದ್ದು ವಿಎಫ್‌ಎಕ್ಸ್‌ಗೆ, ಕಣ್ಣೀರಿಗೆ ಅಲ್ಲ.

ಸೌಂಡ್_ಭಾವ:

ಮುಳ್ಳೇರಿಯಾ ಭಾವ, ದುಡ್ಡು ಕೈಯಿಂದ ಹೋಗುವ ಮೊದಲು ಇದು ಓದಿ. ನಾನು ಜಾತ್ರೆ, ಮದುವೆ, ಯಕ್ಷಗಾನ ಆಟಕ್ಕೆಲ್ಲ ಸೌಂಡ್ ಹಾಕುವವ, ಬದಿಯಡ್ಕ ಕಡೆ. ಪ್ರೊಜೆಕ್ಟರಿನ ವಿಷಯ ಆಮೇಲೆ ಹೇಳ್ತೇನೆ, ಮೊದಲು ಸೌಂಡ್, ಯಾಕಂದ್ರೆ ಈ ಜಾತಿಯ ಪಿಚ್ಚರಲ್ಲಿ ಪ್ರಾಣಿ ದೊಡ್ಡದು ಅಂತ ನಮಗೆ ಹೇಳುದು ಕಣ್ಣಲ್ಲ, ಹೊಟ್ಟೆ.

ಮನುಷ್ಯನ ಕಿವಿಗೆ ಕೇಳುದು ಸುಮಾರು 20 ಹರ್ಟ್ಸಿಂದ 20,000 ಹರ್ಟ್ಸ್ ವರೆಗೆ, ಹರ್ಟ್ಸ್ ಕಮ್ಮಿ ಆದಷ್ಟು ಶಬ್ದ ದಪ್ಪ. ನಿಮ್ಮ ಟಿವಿಯ ಹಿಂದೆ ಇರುವ ಬೆಂಕಿಪೆಟ್ಟಿಗೆಯಷ್ಟು ಸ್ಪೀಕರು 100 ಹರ್ಟ್ಸಿಗಿಂತ ಕೆಳಗೆ ಹೆಚ್ಚುಕಮ್ಮಿ ಎಂತದೂ ಕೊಡುದಿಲ್ಲ. ಹೆಜ್ಜೆ ಇಡುದು, ಬಿಲ್ಡಿಂಗ್ ಕುಸಿಯುದು, ಗುಡುಗು, ಎದೆಗೆ ಗುದ್ದಿದ ಹಾಗೆ ಆಗುದೆಲ್ಲ ಇರುದು ಆ ಕೆಳಗೇ. 5.1 ಅಂತ ಬರೀತಾರಲ್ಲ, ಅದರ ಆ .1 ಅಂದ್ರೆ ಬರೀ ಈ ಕೆಳಗಿನ ಶಬ್ದಕ್ಕೆ ಅಂತ ಬೇರೆ ಇಟ್ಟ ಚಾನಲ್, 120 ಹರ್ಟ್ಸ್ ವರೆಗೆ ಮಾತ್ರ, ಥಿಯೇಟರಲ್ಲಿ ಅದನ್ನು ಬಾಕಿ ಚಾನಲ್ಲಿಗಿಂತ 10 ಡೆಸಿಬೆಲ್ ಹೆಚ್ಚಿಗೆ ನುಡಿಸ್ತಾರೆ. ಈಗ ಕೇಳಿ ತಮಾಷೆ: ಟಿವಿಗೆ ಎರಡೇ ಸ್ಪೀಕರ್ ಅಂತ ಸೌಂಡನ್ನು ಸ್ಟೀರಿಯೋಗೆ ಇಳಿಸುವಾಗ ಹೆಚ್ಚಾಗಿ ಆ .1 ಚಾನಲನ್ನು ಪೂರ್ತಿ ಬಿಟ್ಟೇ ಬಿಡ್ತದೆ. ಅಂದ್ರೆ ನೀವು ಚಾವಡಿಯಲ್ಲಿ ಕೂತು ನೋಡಿದ್ದು ಹೆಜ್ಜೆಯೇ ಇಲ್ಲದ ಗಾಡ್ಜಿಲ್ಲಾ. ಮೊಬೈಲ್ ನೋಡದೆ ಇನ್ನೆಂತ ಮಾಡುದು.

2014ರ ಗಾಡ್ಜಿಲ್ಲಾ ಪಿಚ್ಚರಿಗೆ ಆ ಕೂಗು ರೆಕಾರ್ಡ್ ಮಾಡಿದ ಕಥೆ ನಮ್ಮ ಲೈನಿನವರಿಗೆ ಬಾಯಿಪಾಠ. ಸ್ಟುಡಿಯೋದಲ್ಲಿ ಮಾಡಿದ ಕೂಗು "ದೊಡ್ಡ ಜಾಗದಲ್ಲಿ" ಇದ್ದ ಹಾಗೆ ಕೇಳ್ಬೇಕು ಅಂತ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಟೂರಿಗೆ ಬಳಸುವ ಸ್ಪೀಕರ್ ರಾಶಿ ತಂದು, 12 ಅಡಿ ಎತ್ತರ 18 ಅಡಿ ಅಗಲ, 1,00,000 ವಾಟ್, ವಾರ್ನರ್ ಸ್ಟುಡಿಯೋದ ಹಿಂದಿನ ಸೆಟ್ ಬೀದಿಯಲ್ಲಿ ಇಟ್ಟು ನುಡಿಸಿದ್ರು, ಬೀದಿಯ ಆಚೆ ಈಚೆ, ಕಾರಿನ ಒಳಗೆ, ಮಾಡಿನ ಮೇಲೆ ಎಲ್ಲ ಕಡೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದು. ಮೈಲಿಗಟ್ಟಲೆ ದೂರದವರಿಗೆ ಕೇಳಿತ್ತಂತೆ. ಅಷ್ಟು ಮಾಡಿದ್ದನ್ನು ನಾವು 10 ವಾಟಿನ ಟಿವಿಯಲ್ಲಿ ಕೇಳುದು. ಹಾಗಂತ ಮೊದಲನೇ ಗಾಡ್ಜಿಲ್ಲಾದ ಕೂಗು, 1954ರದ್ದು, ಅದಕ್ಕೆ ಖರ್ಚೇ ಇಲ್ಲ. ಸಂಗೀತ ಮಾಡಿದ ಅಕಿರಾ ಇಫುಕುಬೆ ಡಬಲ್ ಬಾಸ್ ಅನ್ನುವ ದೊಡ್ಡ ಪಿಟೀಲಿನ ತಂತಿ ಸಡಿಲ ಮಾಡಿಸಿ, ರಾಳ ಹಚ್ಚಿದ ಚರ್ಮದ ಗ್ಲೌಸಿನಿಂದ ಉಜ್ಜಿಸಿ, ಅದನ್ನು ನಿಧಾನ ಓಡಿಸಿದ್ದು. 70 ವರ್ಷ ಆಯ್ತು, ಇವತ್ತಿಗೂ ಎಲ್ಲ ಗಾಡ್ಜಿಲ್ಲಾ ಅದನ್ನೇ ಹಿಡ್ಕೊಂಡು ಕೂಗುದು.

ಈಗ ನಿಮ್ಮ ತಾರಸಿ. ಶೀಟಿನ ಅಡಿ ಸಬ್, ಅಂದ್ರೆ ಈ ದಪ್ಪ ಶಬ್ದ (ಬಾಸ್) ಕೊಡುವ ಸಬ್‌ವೂಫರ್ ಪೆಟ್ಟಿಗೆ, ಇಟ್ರೆ ಎಂತ ಆಗ್ತದೆ ಗೊತ್ತುಂಟಾ? ಶೀಟು, ಪೈಪು, ಸ್ಕ್ರೂ, ವಾಷರ್ ಎಲ್ಲ ಒಟ್ಟಿಗೆ ಬಜಾಯಿಸ್ಲಿಕ್ಕೆ ಶುರು. ಮೂರು ಕಡೆ ಓಪನ್ ಅಂದ್ರೆ ಬಾಸ್ ನಿಲ್ಲುದೇ ಇಲ್ಲ, ತೋಟಕ್ಕೆ ಹೋಗ್ತದೆ, ಹಂದಿ ಓಡಿಸ್ಲಿಕ್ಕೆ ಆದೀತು. ಮತ್ತೆ ಜೂನಿಂದ ಸೆಪ್ಟೆಂಬರ್ ಮಳೆ, ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಬೀಳುದು, ಶೀಟಿನ ಅಡಿ ಕೂತವನಿಗೆ ಪಕ್ಕದವ ಮಾತಾಡಿದ್ದು ಕೇಳುದಿಲ್ಲ, ಪಿಚ್ಚರಿನ ಮಾತು ಎಲ್ಲಿಂದ ಕೇಳುದು.

ಪ್ರೊಜೆಕ್ಟರ್: ಆ ಬಜೆಟ್ಟಿನಲ್ಲಿ ಬರುದರಲ್ಲಿ ಡಬ್ಬದ ಮೇಲೆ "4ಕೆ ಸಪೋರ್ಟ್" ಅಂತ ದೊಡ್ಡದಾಗಿ ಬರೆದಿರ್ತಾರೆ. ಸಪೋರ್ಟ್ ಅಂದ್ರೆ 4ಕೆ ಫೈಲ್ ತಗೊಳ್ತದೆ ಅಂತ ಅಷ್ಟೆ, ಒಳಗಿನ ಪ್ಯಾನಲ್ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಹುಡುಕ್ಬೇಕು, ಎಷ್ಟೋದರಲ್ಲಿ 720ಪಿ. ಬೆಳಕು ಕೂಡ ಆನ್ಸಿ ಲ್ಯೂಮೆನ್, ಅಂದ್ರೆ ಸರಿಯಾದ ಪದ್ಧತಿಯಲ್ಲಿ ಅಳೆದ ಬೆಳಕು, ಎಷ್ಟು ಅಂತ ಕೇಳಿ, ಬರೀ ಲ್ಯೂಮೆನ್ ಅಂತ ಬರೆದ ಸಂಖ್ಯೆ ನಂಬ್ಬೇಡಿ. ಇದಕ್ಕಿಂತ ದೊಡ್ಡ ಪ್ರಾಬ್ಲಂ ಕಪ್ಪು. ಈ ಪಿಚ್ಚರುಗಳಲ್ಲಿ ಮುಕ್ಕಾಲು ಫೈಟ್ ರಾತ್ರಿ, ಮಳೆ, ಹೊಗೆ, ನೀರೊಳಗೆ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ "ಬಿಡ್ಲಿಕ್ಕೆ" ಆಗುದಿಲ್ಲ, ಗೋಡೆ ಎಷ್ಟು ಕತ್ತಲೋ ಅಷ್ಟೇ ಕಪ್ಪು. ಸುಣ್ಣ ಬಳಿದ ಗೋಡೆ, ಪಕ್ಕದ ಮನೆಯ ಲೈಟು, ಎಲ್ಲ ಸೇರಿ ಕಪ್ಪು ಗಾಡ್ಜಿಲ್ಲಾ ಬೂದಿ ಬಣ್ಣ ಆಗ್ತದೆ.

ಹಾಗಾಗಿ ನಾನಾದ್ರೆ ಹೀಗೆ ಮಾಡುದು. ತಾರಸಿ ಬಿಡಿ. ಇರುವ ಟಿವಿಯೇ ಸಾಕು, ಸೋಫಾ ಮುಂದೆ ಎಳೆಯಿರಿ. 43 ಇಂಚು ಟಿವಿಯ ಅಗಲ 95 ಸೆಂಟಿಮೀಟರ್, ಮೂರು ಮೀಟರ್ ದೂರದಿಂದ ಅದು ನಿಮ್ಮ ಕಣ್ಣಿಗೆ ಬರೀ 18 ಡಿಗ್ರಿ. ಸಿನೆಮಾ ಇಂಜಿನಿಯರುಗಳು ಕನಿಷ್ಠ 30 ಬೇಕು ಅಂತಾರೆ, ಅದು ಬರ್ಲಿಕ್ಕೆ ನೀವು ಆರಡಿ ಹತ್ತಿರ ಕೂತ್ರೆ ಆಯ್ತು, ಖರ್ಚು ಸೊನ್ನೆ. ಟಿವಿ ಸೆಟ್ಟಿಂಗಲ್ಲಿ ಮೋಷನ್ ಸ್ಮೂತ್ ಅಂತ ಎಂತದಾದ್ರೂ ಇದ್ರೆ ಆಫ್ ಮಾಡಿ, ಅದು ಆನ್ ಇದ್ರೆ ದೊಡ್ಡ ಪ್ರಾಣಿಯ ಭಾರ ಹೋಗಿ ಸೀರಿಯಲ್ ನೋಡಿದ ಹಾಗೆ ಕಾಣ್ತದೆ. ದುಡ್ಡೆಲ್ಲ ಬೇರೆ ಸಬ್ ಇರುವ ಒಂದು ಒಳ್ಳೆ ಸೆಟ್ಟಿಗೆ ಹಾಕಿ.

ಸಬ್ ಎಲ್ಲಿ ಇಡುದು ಅಂತ ಎಲ್ಲರೂ ಟಿವಿ ಪಕ್ಕ ಇಡುದು. ಬೇಡ. ನೀವು ಕೂರುವ ಜಾಗದಲ್ಲಿ, ಸೋಫಾ ಮೇಲೆಯೇ ಸಬ್ ಇಟ್ಟು ಒಂದು ಬಾಸ್ ಇರುವ ಪದ್ಯ ಹಾಕಿ, ಆಮೇಲೆ ಕೋಣೆಯ ಮೂಲೆ ಮೂಲೆಗೆ ಬಗ್ಗಿ ಹೋಗಿ ಕೇಳಿ, ಎಲ್ಲಿ ಸರಿ ಗುಂಯ್ ಅನ್ನದೆ ಗಟ್ಟಿ ಬರ್ತದೋ ಅಲ್ಲಿ ಸಬ್ ಇಡಿ, ನೀವು ಸೋಫಾದಲ್ಲಿ ಕೂತ್ಕೊಳ್ಳಿ. 30 ಹರ್ಟ್ಸಿನ ಒಂದು ಅಲೆ ಅಂದ್ರೆ 11 ಮೀಟರ್ ಉದ್ದ, ನಿಮ್ಮ ಚಾವಡಿಗಿಂತ ದೊಡ್ಡದು, ಗೋಡೆಗೆ ಹೊಡೆದು ವಾಪಸ್ ಬಂದು ಒಂದು ಕಡೆ ಜಾಸ್ತಿ ಒಂದು ಕಡೆ ಸೊನ್ನೆ ಆಗ್ತದೆ, ಅದಕ್ಕೆ ಈ ಸರ್ಕಸ್. ಇನ್ನೊಂದು, ಮೊಬೈಲಿಂದ 20ರಿಂದ 100 ಹರ್ಟ್ಸ್ ವರೆಗೆ ನಿಧಾನ ಏರುವ ಟೋನ್ ಹಾಕಿ ಮನೆಯಲ್ಲಿ ಎಂತೆಲ್ಲ ನಡುಗ್ತದೆ ನೋಡಿ. ನಮ್ಮಲ್ಲಿ ಸರಿಯಾಗಿ ನಲ್ವತ್ತರ ಹತ್ತಿರ ಬರುವಾಗ ಅಡುಗೆಮನೆ ಸ್ಟ್ಯಾಂಡಿನ ಒಂದು ಸ್ಟೀಲ್ ಲೋಟ, ಅದೊಂದೇ, ಝಿಯ್ಯ್ ಅಂತ ಹಾಡ್ಲಿಕ್ಕೆ ಶುರು ಮಾಡ್ತದೆ. ಪಿಚ್ಚರ್ ಮಧ್ಯೆ ಅದು ಹಾಡಿದ್ರೆ ನಿಮಗೆ ಕೇಳುದು ಗಾಡ್ಜಿಲ್ಲಾ ಅಲ್ಲ, ಲೋಟ. ಕವುಚಿ ಇಡಿ, ಅದರ ಅಡಿಯಲ್ಲಿ ಬಟ್ಟೆ ಹಾಕಿ.

ಕುಂಬ್ಳೆ_ಮಾಷ್ಟ್ರು:

ನಾನು ರಿಟೈರ್ಡ್ ಮಾಷ್ಟ್ರು, ಈ ಡೆಸಿಬೆಲ್ ಎಲ್ಲ ನನಗೆ ಆಗುವ ವಿಷಯ ಅಲ್ಲ. ಆದ್ರೆ ಮುಳ್ಳೇರಿಯಾದವರು ಕೇಳಿದ ಪ್ರಶ್ನೆ, ಆ "ದೊಡ್ಡದು" ಅನ್ನುದು ಎಲ್ಲಿಂದ ಬರ್ತದೆ ಅಂತ, ಅದಕ್ಕೆ ನಮ್ಮ ಊರಿನಲ್ಲೇ ಉತ್ತರ ಉಂಟು ಅಂತ ನನಗೆ ಕಾಣ್ತದೆ. ಯಕ್ಷಗಾನದ ಪಾರ್ತಿಸುಬ್ಬನ ಊರಿನವರು ನಾವು, ಬಣ್ಣದ ವೇಷ, ಅಂದ್ರೆ ರಾಕ್ಷಸರ ವೇಷ ನೋಡಿ ಬೆಳೆದವರು. ರಾವಣನೋ ಕುಂಭಕರ್ಣನೋ ರಂಗಸ್ಥಳಕ್ಕೆ ಬರುದು ಹೇಗೆ? ಸೀದಾ ಬಂದು ನಿಲ್ಲುದಿಲ್ಲ. ಮೊದಲು ವೇಷ ಕಟ್ಟುವ ಚೌಕಿಯ ಕಡೆಯಿಂದ ಒಂದು ಆರ್ಭಟ. ಚೆಂಡೆ ಬದಲಾಗ್ತದೆ. ತೂಕಡಿಸ್ತಿದ್ದ ಮಕ್ಕಳೆಲ್ಲ ಎದ್ದು ಕೂರ್ತಾರೆ. ಮತ್ತೆ ತೆರೆ ಹಿಡಿದ್ರೆ ಅದರ ಮೇಲಿಂದ ಕಿರೀಟದ ತುದಿ ಮಾತ್ರ, ಒಮ್ಮೆ ಕೈ, ಒಮ್ಮೆ ಅರ್ಧ ಮುಖ, ಅದರ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯ ಮುಳ್ಳು ಮುಳ್ಳು. ಹಿಂದೆ ದೊಂದಿ ಹಿಡಿದು ರಾಳ ಎರಚಿದ್ರೆ ಆ ಬೆಂಕಿಯ ಬೆಳಕಲ್ಲಿ ಒಂದು ಕ್ಷಣ ಕಂಡದ್ದೇ ಕಂಡದ್ದು. ಪೂರ್ತಿ ವೇಷ ಕಾಣುವಾಗ ನೀವಾಗಲೇ ಹೆದರಿ ಆಗಿರ್ತದೆ. ಹೆಸರಾಂತ ವೇಷಧಾರಿ ಬಣ್ಣದ ಮಾಲಿಂಗನವರ ವೇಷದ ಸುದ್ದಿಯನ್ನು ನಮ್ಮ ಹಿರಿಯರು ಹೇಳುವಾಗ ಮುಖ ಹೇಗಿತ್ತು ಅಂತ ಹೇಳ್ತಿದ್ದದ್ದು ಕಮ್ಮಿ, ಬಂದದ್ದು ಹೇಗೆ ಅಂತಲೇ ಹೇಳುದು.

1954ರಲ್ಲಿ ಮೊದಲ ಗಾಡ್ಜಿಲ್ಲಾದ ಡೈರೆಕ್ಟರ್ ಇಶಿರೋ ಹೋಂಡಾ ಮಾಡಿದ್ದು ಕೂಡ ಇದೇ. ಮೊದಲು ಹಡಗು ಮುಳುಗ್ತದೆ, ಕಾರಣ ಗೊತ್ತಾಗುದಿಲ್ಲ. ಹೆಜ್ಜೆಯ ಶಬ್ದ. ಗುಡ್ಡದ ಆಚೆಯಿಂದ ಒಂದು ತಲೆ ಮಾತ್ರ. ಹೋಂಡಾ ಸೈನ್ಯದಲ್ಲಿದ್ದವರು, ಯುದ್ಧ ಮುಗಿದು ಊರಿಗೆ ಬರುವಾಗ ಹಿರೋಶಿಮಾ ದಾಟಿ ಬಂದವರು. 1954 ಮಾರ್ಚಿನಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನು ಹಿಡಿಯುವ ಬೋಟಿನ ಮೇಲೆ ಬಿತ್ತು, ನವೆಂಬರಿನಲ್ಲಿ ಪಿಚ್ಚರ್ ಬಂತು. ನೋಡ್ಲಿಕ್ಕೆ ಹೋದವರಿಗೆ ಸುಟ್ಟ ಊರು ಅಂದ್ರೆ ಎಂತ ಅಂತ ಬೇರೆ ಯಾರೂ ಹೇಳ್ಬೇಕಾಗಿರ್ಲಿಲ್ಲ.

ಆ ಗಾಡ್ಜಿಲ್ಲಾದ ಒಳಗಿದ್ದದ್ದು ಮನುಷ್ಯನೇ ಅಂತ ಗೊತ್ತುಂಟಲ್ಲ, ಹರುವೋ ನಕಾಜಿಮಾ. ಕಿಂಗ್ ಕಾಂಗಿನ ಹಾಗೆ ಗೊಂಬೆಯನ್ನು ಒಂದೊಂದೇ ಫ್ರೇಮ್ ಅಲ್ಲಾಡಿಸಿ ತೆಗೀಲಿಕ್ಕೆ, ಪಿಚ್ಚರಿನ ಟ್ರಿಕ್ ದೃಶ್ಯ ಮಾಡಿದ ಸುಬುರಾಯಾ ಅವರಿಗೆ ಟೈಮೂ ದುಡ್ಡೂ ಇರ್ಲಿಲ್ಲ, ಹಾಗಾಗಿ ವೇಷ ಕಟ್ಟಿಸಿದ್ರು. ಮೊದಲು ಮಾಡಿದ ವೇಷ 100 ಕಿಲೋ ಹತ್ತಿರ, ಅದರೊಳಗೆ ಲೈಟಿನ ಸೆಕೆಗೆ ನಾಲ್ಕು ಹೆಜ್ಜೆ ಇಡುದೇ ಸಾಹಸ. ಆ ಮನುಷ್ಯ ಮೃಗಾಲಯಕ್ಕೆ ಹೋಗಿ ಆನೆ, ಕರಡಿ ಹೇಗೆ ಕಾಲು ಎತ್ತಿ ಇಡ್ತದೆ ಅಂತ ನೋಡಿ ಕಲಿತವರು. ಅದನ್ನು ಕ್ಯಾಮರಾ ವೇಗವಾಗಿ ಓಡಿಸಿ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದ್ರು, ಭಾರ ಬಂತು. ಗಂಟೆಗಟ್ಟಲೆ ಕೂತು ಚುಟ್ಟಿ ಇಡುವ ನಮ್ಮ ವೇಷಧಾರಿಗಳಿಗೆ ಇದು ಹೇಳಿದ್ರೆ ಕೂಡ್ಲೇ ಅರ್ಥ ಆದೀತು.

ಈಗ ಮನೆಯೋ ಥಿಯೇಟರೋ. ಆಟವನ್ನು ಯೂಟ್ಯೂಬಿನ ಲೈವಲ್ಲಿ ನಾನು ದಿನಾ ನೋಡ್ತೇನೆ, ಭಾಗವತರ ಪದ ಬಯಲಿಗಿಂತ ಚೆಂದ ಕೇಳ್ತದೆ, ವೇಷಧಾರಿಗಳ ಮಾತು ಒಂದೂ ತಪ್ಪುದಿಲ್ಲ. ಆದ್ರೆ ಬಣ್ಣದ ವೇಷ ಮಾತ್ರ ಮೊಬೈಲಲ್ಲಿ ಸತ್ತೇ ಹೋಗ್ತದೆ. ಯಾಕಂದ್ರೆ ಬಯಲಲ್ಲಿ ಅದು ಬರುವ ತನಕ ನಮಗೆ ಕಾಯದೆ ವಿಧಿ ಇಲ್ಲ, ಮನೆಯಲ್ಲಿ ಹತ್ತು ಸೆಕೆಂಡ್ ಮುಂದೆ ಒತ್ತುವ ಬಟನ್ ಉಂಟು. ಹಾಗಾಗಿ ಪರದೆಯ ಇಂಚಿಗಿಂತ ರಿಮೋಟ್ ಎಲ್ಲಿದೆ ಅನ್ನುದು ಮುಖ್ಯ ಅಂತ ನನ್ನ ಲೆಕ್ಕ. 1954ರದ್ದನ್ನು ನಾನು ಮನೆಯಲ್ಲೇ ನೋಡಿದ್ದು, ರಾತ್ರಿ, ಲೈಟ್ ಆಫ್ ಮಾಡಿ, ರಿಮೋಟ್ ಕಪಾಟಿನಲ್ಲಿ ಇಟ್ಟು. ಕಪ್ಪು ಬಿಳುಪು, ಹಳೇ ಚೌಕಾಕಾರದ ಚಿತ್ರ, ಟಿವಿಯಲ್ಲಿ ಮೇಲೆ ಕೆಳಗೆ ಒಂದಿಂಚೂ ಪೋಲಾಗುದಿಲ್ಲ. ಎಂತದೂ ಕಮ್ಮಿ ಆಯ್ತು ಅಂತ ಕಾಣ್ಲಿಲ್ಲ.

ಬೆಂಗಳೂರಲ್ಲಿ_ಬಾಯಾರು:

ಮಾಷ್ಟ್ರೇ ನಮಸ್ಕಾರ, ಸಿಕ್ಕಾಪಟ್ಟೆ ಖುಷಿ ಆಯ್ತು ಓದಿ. ಆದ್ರೆ ಹೊಸ ಪಿಚ್ಚರಿಗೆ ಐಮ್ಯಾಕ್ಸ್, ಆ ಎತ್ತರದ ದೊಡ್ಡ ಪರದೆಯ ಥಿಯೇಟರ್, ಬಿಟ್ರೆ ಬೇರೆ ಎಲ್ಲ ವೇಸ್ಟ್ ಅಂತ ನನ್ನ ಅಭಿಪ್ರಾಯ, ಬೈದ್ರೂ ಅಡ್ಡಿಲ್ಲ. ಪ್ರಾಣಿ ಉದ್ದಕ್ಕೆ ಮೇಲೆ ನಿಲ್ಲುದು, ಪಿಚ್ಚರ್ ಅಡ್ಡಕ್ಕೆ ಅಗಲ. ಸ್ಕೋಪ್ ಅಂದ್ರೆ 2.39 ಅಗಲಕ್ಕೆ 1 ಎತ್ತರ, ಅದನ್ನು ನಿಮ್ಮ ಟಿವಿಗೆ ಹಾಕಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಎತ್ತರದ ಕಾಲು ಭಾಗ ಹೋಯ್ತು, 43 ಇಂಚಿನ ಟಿವಿಯಲ್ಲಿ ಗಾಡ್ಜಿಲ್ಲಾ ಒಂದು ಗೇಣು. ಇದು ಗೊತ್ತಿದ್ದೇ ಸ್ಪೀಲ್‌ಬರ್ಗ್ ಜುರಾಸಿಕ್ ಪಾರ್ಕ್ ಅನ್ನು 1.85ರಲ್ಲಿ ತೆಗೆದದ್ದು, ಪೆಸಿಫಿಕ್ ರಿಮ್ ಕೂಡ ಹಾಗೆ, ಎತ್ತರ ಬೇಕು ಅಂತ. ಆ ಎರಡನ್ನು ಮನೆಯಲ್ಲಿ ನೋಡಿದ್ರೆ ಅಷ್ಟು ಲಾಸ್ ಇಲ್ಲ, ಟಿವಿ ಹೆಚ್ಚುಕಮ್ಮಿ ತುಂಬ್ತದೆ.

2014ರದ್ದು ಮಾತ್ರ ಥಿಯೇಟರ್. ಸೈನಿಕರು ಕಾಲಿಗೆ ಕೆಂಪು ಹೊಗೆ ಕಟ್ಟಿಕೊಂಡು ಮೋಡದ ಮೇಲಿಂದ ಹಾರ್ತಾರಲ್ಲ, ಕೆಳಗೆ ಹೊಗೆಯೊಳಗೆ ಅದು ನಿಂತಿದೆ, ಹಾಲಿನಲ್ಲಿ ಒಬ್ಬನೂ ಉಸಿರು ಬಿಟ್ಟಿರ್ಲಿಲ್ಲ. ಅದೇ ಪಿಚ್ಚರಲ್ಲಿ ಏರ್‌ಪೋರ್ಟಿನಲ್ಲಿ ಗಾಡ್ಜಿಲ್ಲಾ, ಅದರ ಎದುರಾಳಿ ಪ್ರಾಣಿ ಎರಡೂ ಎದುರು ಬದುರು ನಿಂತು ಇನ್ನೇನು ಹೊಡೆದಾಟ ಅನ್ನುವಾಗ ಕಟ್ ಮಾಡಿ ಒಂದು ಮನೆಯ ಟಿವಿ ನ್ಯೂಸಲ್ಲಿ ಸಣ್ಣ ಹುಡುಗ ಅದನ್ನು ನೋಡ್ತಾ ಇರುದನ್ನು ತೋರಿಸ್ತಾರೆ. ಥಿಯೇಟರಲ್ಲಿ ಜನ ಬೈದದ್ದು ಬೈದದ್ದು. ಟಿಕೆಟ್ ತಗೊಂಡು ಬಂದವನಿಗೆ ಟಿವಿ ತೋರಿಸ್ತೀರಾ ಅಂತ. ನನಗೆ ಮಾತ್ರ ಅದು ಭಾರಿ ಇಷ್ಟ, ಮನೆಯಲ್ಲಿ ನೋಡುದು ಅಂದ್ರೆ ಎಷ್ಟು ಸಣ್ಣದು ಅಂತ ಅಲ್ಲೇ ತೋರಿಸಿ ಬಿಟ್ಟ ಡೈರೆಕ್ಟರ್.

ಸೌಂಡ್_ಭಾವ:

ಐಮ್ಯಾಕ್ಸ್ ಹೇಳುದು ಸುಲಭ ಬಾಯಾರು. ನೀವು ಬೆಂಗಳೂರಲ್ಲಿ ಇದ್ದೀರಿ. ಕೇರಳದಲ್ಲಿ ಮೊದಲ ಐಮ್ಯಾಕ್ಸ್ ಬಂದದ್ದು ತಿರುವನಂತಪುರಕ್ಕೆ, 2022ರ ಕೊನೆಗೆ. ಕಾಸರಗೋಡಿಂದ ವಂದೇ ಭಾರತ್ ಹತ್ತಿದ್ರೂ ಎಂಟು ಗಂಟೆ. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಾಡ್ಜಿಲ್ಲಾ ಟೋಕಿಯೋ ಮುಗಿಸಿ ಮನೆಗೆ ಹೋಗಿರ್ತದೆ.

ಉಪ್ಪಳದ_ಅಕ್ಕ:

ಮಾಷ್ಟ್ರು ಹೇಳಿದ್ದು ರಿಮೋಟಿನ ವಿಷಯ ನೂರಕ್ಕೆ ನೂರು. ಆದ್ರೆ ಮಕ್ಕಳಿರುವ ಮನೆಯಲ್ಲಿ ರಿಮೋಟ್ ಕಪಾಟಿನಲ್ಲಿ ಇಡ್ಲಿಕ್ಕೆ ಆಗುದಿಲ್ಲ ಮಾಷ್ಟ್ರೇ. ನನ್ನ ಸಣ್ಣವ ಆ ಪ್ರಾಣಿಯ ಕಣ್ಣು ಪರದೆಗೆ ಬಂದ ಕೂಡ್ಲೇ ಓಡಿ ಹೋಗಿ ಅಡುಗೆಮನೆ ಬಾಗಿಲ ಹಿಂದೆ ನಿಂತು "ಹೋಯ್ತಾ? ಹೋಯ್ತಾ?" ಅಂತ ಕೇಳುದು, ಹೋಯ್ತು ಅಂದ್ರೆ ವಾಪಸ್ ಬಂದು "ಪುನಃ ಹಾಕು" ಅನ್ನುದು. ಅವನಿಗೆ ಬೇಕಾದಷ್ಟೇ ಹೆದರಿಕೆ ಅವನೇ ಅಳೆದು ತಗೊಳ್ತಾನೆ. ಥಿಯೇಟರಲ್ಲಿ ಹೆದರಿದ್ರೆ ಎದ್ದು ಹೊರಗೆ ಹೋಗುದು ಬಿಟ್ರೆ ದಾರಿ ಇಲ್ಲ, ಒಟ್ಟಿಗೆ ನಾನೂ ಹೋಗ್ಬೇಕು, ಟಿಕೆಟ್ ದುಡ್ಡು ಹೋಯ್ತು. 1.85 2.39 ಎಲ್ಲ ಗಂಡಸರ ಮಾತು 😀

ಮುಳ್ಳೇರಿಯಾ_ಮಳೆ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರ್ತದೆ ಅಂತ ಅಂದ್ಕೊಂಡಿರ್ಲಿಲ್ಲ. ನಿನ್ನೆ ರಾತ್ರಿ ಸೋಫಾ ಎಳೆದು ಆರಡಿಗೆ ತಂದು, ಲೈಟ್ ಆಫ್ ಮಾಡಿ, ಮೊಬೈಲ್ ಬೇರೆ ಕೋಣೆಯಲ್ಲಿ ಇಟ್ಟು, ಆ ಸ್ಮೂತ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿ 2014ರದ್ದು ಪುನಃ ಹಾಕಿದೆ. ಸೌಂಡ್ ಟಿವಿಯದ್ದೇ, ಹಾಗಾಗಿ ಹೆಜ್ಜೆ ಇಲ್ಲ, ಆದ್ರೂ ಅರ್ಧ ಪಿಚ್ಚರ್ ವರೆಗೆ ಅಲ್ಲಾಡದೆ ನೋಡಿದೆ. ಪ್ರೊಜೆಕ್ಟರ್ ಕ್ಯಾನ್ಸಲ್. ಶೀಟಿನ ಅಡಿಗೆ ಅಡಿಕೆಯೇ ಇರ್ಲಿ.

ಸೌಂಡ್ ಭಾವ, ನಮ್ಮದು ಹಳೇ ಹಂಚಿನ ಮನೆ, ಚಾವಡಿಗೆ ಮರದ ಮುಚ್ಚಿಗೆ ಉಂಟು, ಒಂದು ಬದಿ ಪೂರ್ತಿ ದಳಿ, ಅಂದ್ರೆ ಗಾಳಿ ಆಡುವ ಮರದ ಜಾಲರಿ. ಸಬ್ ನಿಲ್ತದಾ? ಮತ್ತೆ ಅಮ್ಮ ಒಂಬತ್ತೂವರೆಗೆ ಮಲಗ್ತಾರೆ, ಪಕ್ಕದ ಕೋಣೆಯೇ.

ಸೌಂಡ್_ಭಾವ:

ದಳಿ ಇದ್ರೆ ಬಾಸ್ ಸ್ವಲ್ಪ ಹೊರಗೆ ಹೋಗ್ತದೆ, ಆದ್ರೆ ಮರದ ಮುಚ್ಚಿಗೆ ಒಳ್ಳೆದು, ಆರ್‌ಸಿಸಿ ಕೋಣೆಯ ಹಾಗೆ ಬೊಂಯ್ ಅನ್ನುದಿಲ್ಲ. ದಳಿಗೆ ದಪ್ಪ ಪರದೆ ಹಾಕಿ, ಅದು ಬಾಸ್ ತಡೀಲಿಕ್ಕೆ ಅಲ್ಲ, ಹೊರಗಿನ ಲೈಟಿಗೆ. ಅಮ್ಮನಿಗೆ: ಸಬ್ಬನ್ನು ಅವರ ಕೋಣೆಯ ಗೋಡೆಗೆ ತಾಗಿಸ್ಬೇಡಿ, ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಸೆಟ್ಟಲ್ಲಿ ನೈಟ್ ಮೋಡ್ ಅಂತ ಇರ್ತದೆ, ಮಾತು ಜೋರು ಮಾಡಿ ಸ್ಫೋಟ ತಗ್ಗಿಸ್ತದೆ. ಅದು ಹಾಕಿದ್ರೆ ನಾನು ಹೇಳಿದ ಅರ್ಧ ಪುರಾಣ ದಂಡ, ಅದಕ್ಕಿಂತ ಅಮ್ಮ ಯಾವುದಾದ್ರೂ ಪೂಜೆಗೆ ನೆಂಟರ ಮನೆಗೆ ಹೋದ ದಿನ ನೋಡಿ. ಕಾಸರಗೋಡಿಗೆ ಬಂದ್ರೆ ಅಂಗಡಿಯಲ್ಲಿ ಸಬ್ ಹಾಕಿ ಕೇಳದೆ ತಗೊಳ್ಬೇಡಿ, ಮೊಬೈಲಲ್ಲಿ ಆ 20ರಿಂದ 100ರ ಟೋನ್ ಇಟ್ಕೊಂಡು ಹೋಗಿ. ಅಂಗಡಿಯವನಿಗೆ ಕೋಪ ಬಂದೀತು, ಬರ್ಲಿ.

ಶೋಟೈಮ್_ಮಂಜೇಶ್ವರ:

ಸಬ್ ತಗೊಳ್ಳಿ, ನಾನು ಬೇಡ ಅನ್ನುದಿಲ್ಲ. ಆದ್ರೆ ಮುಂದಿನ ಗಾಡ್ಜಿಲ್ಲಾ ಕಾಂಗ್ 2027 ಮಾರ್ಚಿಗೆ ಅಂತ ಹೇಳಿದ್ದಾರೆ, ಆ ದಿನ ಒಂದು ಓಮ್ನಿ ಮಾಡುವ. ಮುಳ್ಳೇರಿಯಾದಿಂದ ಹೊರಟು ಬದಿಯಡ್ಕದಲ್ಲಿ ಭಾವನನ್ನು, ಕುಂಬ್ಳೆಯಲ್ಲಿ ಮಾಷ್ಟ್ರನ್ನು, ಉಪ್ಪಳದಲ್ಲಿ ಅಕ್ಕನನ್ನು ಹತ್ತಿಸ್ಕೊಂಡು ಬಂದ್ರೆ ನಾನು ಹೊಸಂಗಡಿಯಲ್ಲಿ ರೋಡಿಗೆ ಬಂದು ನಿಲ್ತೇನೆ. ಫಸ್ಟ್ ಶೋ, ಮಧ್ಯದ ಸೀಟು, ಹಿಂದಿನಿಂದ ಮೂರನೇ ಸಾಲು.

ಉಪ್ಪಳದ_ಅಕ್ಕ:

ಸಣ್ಣವನೂ ಬರ್ತಾನೆ. ಬಾಗಿಲ ಪಕ್ಕದ ಸೀಟು ಬುಕ್ ಮಾಡಿ.